ಒತ್ತಡವೆಂಬ ಒಂದೇ ಪದ

ನಮ್ಮ ಭಾಷೆಯಲ್ಲಿ ಕೆಲಸಕ್ಕೂ ಒತ್ತಡವೇ, ರಕ್ತಕ್ಕೂ ಒತ್ತಡವೇ. ಇಂಗ್ಲಿಷಿನವರು ಒಂದನ್ನು ಸ್ಟ್ರೆಸ್ ಎಂದೂ ಇನ್ನೊಂದನ್ನು ಪ್ರೆಷರ್ ಎಂದೂ ಬೇರ್ಪಡಿಸಿಕೊಂಡಿದ್ದಾರೆ. ಕನ್ನಡವು ಎರಡನ್ನೂ ಒಂದೇ ಪದಕ್ಕೆ ಕಟ್ಟಿಹಾಕಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ನಡೆದಾಡುವ ನಮ್ಮಂಥ ನಿವೃತ್ತರ ಗುಂಪಿನಲ್ಲಿ "ನಮ್ಮ ಹುಡುಗನಿಗೆ ಮೂವತ್ತೈದಕ್ಕೇ ಬಿ.ಪಿ. ಮಾತ್ರೆ, ಎಲ್ಲಾ ಕೆಲಸದ ಟೆನ್ಷನ್ನು" ಎಂಬ ಮಾತು ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಅಲ್ಲಿಂದ ಅದು ಉಪ್ಪಿನಕಾಯಿಗೆ, ಪ್ರಾಣಾಯಾಮಕ್ಕೆ ಹೊರಳಿ, ಕೊನೆಗೆ ಎಲ್ಲವೂ ಹುಡುಗನದೇ ದೋಷವೆಂಬಂತೆ ಮುಗಿಯುತ್ತದೆ. ಕೆಲಸ ಕೊಟ್ಟವರ ವಿಚಾರವನ್ನು ಯಾರೂ ಎತ್ತುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ನಾನು ವೈದ್ಯನಲ್ಲ. ವಂಶ, ವಯಸ್ಸು, ಉಪ್ಪು, ಬೊಜ್ಜು, ಮದ್ಯ ಇವೆಲ್ಲವೂ ರಕ್ತದೊತ್ತಡಕ್ಕೆ ಕಾರಣಗಳೆಂಬುದರಲ್ಲಿ ಸಂಶಯವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 35ಕ್ಕೂ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ ಎಂದಿತು. ಅಷ್ಟು ಜನರಿಗೂ ಅದು ಕಛೇರಿಯಿಂದಲೇ ಬಂತೆನ್ನುವುದು ಅವಿವೇಕ. ಗಾಬರಿಯಾದಾಗ ದೇಹದಲ್ಲಿ ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಹೆಚ್ಚುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ಗಾಬರಿ ಕಳೆದ ಮೇಲೆ ಇಳಿಯುತ್ತದೆ. ಇದು ಪ್ರಕೃತಿ ಮಾಡಿಟ್ಟ ಏರ್ಪಾಡು. ಇಳಿಯಲು ಎಡೆಯನ್ನೇ ಕೊಡದೆ ಮರುದಿನದ ಗಾಬರಿ ಬಂದು ಕುಳಿತರೆ ಏನಾಗುತ್ತದೆಂಬುದೇ ಪ್ರಶ್ನೆ.

ಇದಕ್ಕೆ ನಮ್ಮೂರಿನಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿನವರಾದ ನಾವು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತೇವೆ. ಅಲ್ಲಿ 1997-98ರ ಸುಮಾರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಸಂಶೋಧಕರು ವರ್ಷಾನುಗಟ್ಟಲೆ ಗಮನಿಸುತ್ತ ಬಂದರು. ಆ ಮಕ್ಕಳಿಗೆ ಹದಿಮೂರು ತುಂಬಿದ ಮೇಲೆ ಅವರಲ್ಲಿ ಕೆಲವರಿಗೆ ಒಂದು ಪರೀಕ್ಷೆ ಇಟ್ಟರು. ಅಪರಿಚಿತ ಪರೀಕ್ಷಕರ ಎದುರಿಗೆ ನಿಂತು ಐದು ನಿಮಿಷ ಭಾಷಣ ಮಾಡಬೇಕು, ಮತ್ತೆ ಐದು ನಿಮಿಷ ಬಾಯಿಲೆಕ್ಕ ಮಾಡಬೇಕು. ಇಷ್ಟೇ! ಮಕ್ಕಳ ಎದೆಬಡಿತವೂ ರಕ್ತದೊತ್ತಡವೂ ಏರಿದವು. ಓಡಿಸಲಿಲ್ಲ, ಭಾರ ಹೊರಿಸಲಿಲ್ಲ. ಅಳೆಯುವ ಕಣ್ಣೊಂದು ಎದುರಿಗೆ ಕುಳಿತಿತ್ತು, ಅಷ್ಟು ಸಾಕಾಯಿತು. ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಹುಡುಗನ ಕಿವಿ ಕೆಂಪಾಗುವುದನ್ನು ಕಂಡಿರುವ ಯಾವ ಉಪಾಧ್ಯಾಯನಿಗೂ ಇದು ಅಚ್ಚರಿಯ ಸಂಗತಿಯಲ್ಲ.

ದೊಡ್ಡವರ ವಿಷಯಕ್ಕೆ ಬಂದರೆ ಲಂಡನ್ನಿನ ಸರ್ಕಾರಿ ಕಛೇರಿಗಳ ಕಥೆಯನ್ನು ನೆನೆಯಬೇಕು. 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವು ಸುಮಾರು 18,000 ಪುರುಷ ನೌಕರರನ್ನು ಹಿಂಬಾಲಿಸಿತು. ಹೊಣೆ ಹೊತ್ತ ದೊಡ್ಡ ಅಧಿಕಾರಿಗಳಿಗೇ ಹೃದಯದ ಕಾಯಿಲೆ ಹೆಚ್ಚೆಂದು ಜನ ನಂಬಿದ್ದರು. ಲೆಕ್ಕ ತಿರುಗುಮುರುಗಾಯಿತು: ತೀರ ಕೆಳದರ್ಜೆಯ ನೌಕರರು ಹೃದ್ರೋಗದಿಂದ ಸಾಯುತ್ತಿದ್ದ ಪ್ರಮಾಣ ಮೇಲಧಿಕಾರಿಗಳದಕ್ಕಿಂತ ಮೂರು ಪಟ್ಟಿಗೂ ಅಧಿಕ. ಕಛೇರಿಯಲ್ಲಿರುವಾಗ ಎರಡೂ ವರ್ಗದವರ ರಕ್ತದೊತ್ತಡ ಬಹುಮಟ್ಟಿಗೆ ಒಂದೇ ಇರುತ್ತಿತ್ತಂತೆ. ಮನೆಗೆ ಹೋದ ಮೇಲೆ ಮೇಲಿನವರದು ಚೆನ್ನಾಗಿ ಇಳಿಯುತ್ತಿತ್ತು, ಕೆಳಗಿನವರದು ಅಷ್ಟಾಗಿ ಇಳಿಯುತ್ತಿರಲಿಲ್ಲ. ಮೈಕೇಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಿಂದ ನಡೆದ ಎರಡನೆಯ ಅಧ್ಯಯನವು, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು ಹೃದಯಕ್ಕೆ ಕೇಡೆಂದು ಎತ್ತಿ ತೋರಿಸಿತು.

ನಾನು ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ ಇಬ್ಬರಿದ್ದರು. ಒಬ್ಬರು ದಿನಕ್ಕೆ ಏಳು ಪೀರಿಯಡ್ ಪಾಠ ಮಾಡಿ, ಸಂಜೆ ಹುಡುಗರಿಗೆ ಖೋ ಖೋ ಆಡಿಸಿ, ಸೈಕಲ್ಲಿನ ಮೇಲೆ ಹಾಡಿಕೊಂಡು ಮನೆಗೆ ಹೋಗುತ್ತಿದ್ದ ಮೇಷ್ಟ್ರು. ಇನ್ನೊಬ್ಬರು ಕಛೇರಿಯ ಗುಮಾಸ್ತರು. ಟೆಲಿಫೋನು ಬಡಿದುಕೊಂಡಾಗಲೆಲ್ಲ ಅವರ ಕೈಯ ಕಾಫಿ ಆರಿಹೋಗುತ್ತಿತ್ತು. ಕೆಲಸ ಕಡಿಮೆ, ಆದರೆ ಯಾವ ಗಳಿಗೆಯಲ್ಲಿ ಯಾರು ಏನು ಕೇಳುತ್ತಾರೋ ತಿಳಿಯದು. ಮಾತ್ರೆಯ ಡಬ್ಬಿ ಇದ್ದದ್ದು ಅವರ ಮೇಜಿನ ಖಾನೆಯಲ್ಲಿ. ಇದು ಪುರಾವೆಯಲ್ಲ, ನೆನಪು.

2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ಎಷ್ಟೊಂದು ಚರ್ಚೆ ನಡೆಯಿತು! ನಮ್ಮ ಮೈಸೂರಿನ ಎನ್.ಐ.ಇ. ಕಾಲೇಜಿನಲ್ಲಿ ಓದಿದವರು ಅವರು, ಅವರ ಸಾಧನೆಯ ಬಗ್ಗೆ ನನಗೆ ಗೌರವವಿದೆ. ಆದರೆ ತನ್ನದೇ ಸಂಸ್ಥೆಯನ್ನು ಕಟ್ಟುವವನ 70 ಗಂಟೆಯೂ ಇನ್ನೊಬ್ಬನ ಗಡುವಿಗೆ ದುಡಿಯುವವನ 70 ಗಂಟೆಯೂ ಒಂದೇ ಅಲ್ಲ. ಗಂಟೆಗಳ ಲೆಕ್ಕವೂ ಹಗುರವಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ, 35-40 ಗಂಟೆ ದುಡಿಯುವವರಿಗಿಂತ ಶೇಕಡಾ 35ರಷ್ಟು ಹೆಚ್ಚು.

ನಮ್ಮ ಉಪಾಧ್ಯಾಯರದನ್ನು ನೋಡಿ. 2025ರ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ. ಅದೇ ದಿನ ರಾಜ್ಯದಾದ್ಯಂತ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಆರಂಭ. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ಮನೆಮನೆ ಅಲೆದವರು ಶಾಲಾ ಶಿಕ್ಷಕರು. ಮೊದಲ ದಿನಗಳಲ್ಲಿ ಮೊಬೈಲಿನ ಆ್ಯಪ್ ಸರಿಯಾಗಿ ತೆರೆಯಲಿಲ್ಲ, ನೆಟ್‌ವರ್ಕ್ ಸಿಗಲಿಲ್ಲ. ಅಕ್ಟೋಬರ್ 7ಕ್ಕೆ ಮುಗಿಯಬೇಕಾದುದು 18ಕ್ಕೆ ಮುಂದೆ ಹೋಯಿತು. ಆ್ಯಪ್ ಕೆಟ್ಟರೆ ಸರಿಪಡಿಸುವ ಅಧಿಕಾರ ಶಿಕ್ಷಕಿಗಿಲ್ಲ, ಬಾಗಿಲು ತೆರೆಯದ ಮನೆಯನ್ನು ತೆರೆಸುವ ಅಧಿಕಾರವಿಲ್ಲ. 'ಇವತ್ತು ಎಷ್ಟು ಮನೆ ಆಯಿತು' ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಮಾತ್ರ ಅವಳದು. ವೈಟ್‌ಹಾಲಿನವರು ಹೇಳಿದ್ದು ಇದನ್ನಲ್ಲದೆ ಮತ್ತೇನು?

ಹಾಗೆಂದು ಯಾರೂ ಮಾತ್ರೆ ನಿಲ್ಲಿಸಬಾರದು, ನಡಿಗೆಯನ್ನೂ ಬಿಡಬಾರದು. ನಾನು ಕೇಳುವುದು ಬೇರೆ. ಸಂಜೆ ಆರರ ಮೇಲೆ ವಾಟ್ಸಾಪಿನಲ್ಲಿ ಆದೇಶ ಕಳುಹಿಸುವುದು ನಿಲ್ಲಲಿ. ರಜೆ ಕಸಿದುಕೊಂಡರೆ ಬದಲಿ ರಜೆಯ ದಿನಾಂಕವನ್ನು ಅದೇ ಆದೇಶದಲ್ಲಿ ನಮೂದಿಸಲಿ. ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸಿ ನೌಕರರ ತೋಳಿಗೆ ಪಟ್ಟಿ ಸುತ್ತುವ ಸಂಸ್ಥೆಗಳು ಆ ಅಂಕಿಗಳನ್ನು, ಹೆಸರು ಬಿಟ್ಟು, ವಿಭಾಗವಾರು ಕೂಡಿಸಿ ನೋಡಲಿ. ಒಬ್ಬನೇ ಮೇಲಧಿಕಾರಿಯ ಕೈಕೆಳಗಿನ ಐವತ್ತು ಮಂದಿಯಲ್ಲಿ ಮೂವತ್ತು ಮಂದಿಗೆ ಒತ್ತಡ ಏರಿದ್ದರೆ, ಮೂವತ್ತು ಜನಕ್ಕೂ ಉಪ್ಪು ಕಡಿಮೆ ಮಾಡಿರೆಂದು ಚೀಟಿ ಬರೆಯುವುದಕ್ಕೆ ಮುನ್ನ ಆ ಮಹಾಶಯರನ್ನು ಕರೆದು ನಾಲ್ಕು ಮಾತು ವಿಚಾರಿಸಬಹುದು.