ದೂರದಿಂದ ಹಿಂಬಾಲಿಸುವವರು

ಯೇಸುಸ್ವಾಮಿಯನ್ನು ಬಂಧಿಸಿ ಒಯ್ದ ರಾತ್ರಿ ಪೇತ್ರನು ದೂರದಿಂದ ಹಿಂಬಾಲಿಸಿದನೆಂದು ಸಂತ ಲೂಕನು ಬರೆದಿದ್ದಾನೆ. ಅವನು ಹಿಂಬಾಲಿಸಲಿಲ್ಲವೆಂದು ಯಾರೂ ದೂರುವಂತಿಲ್ಲ. ಆದರೆ ಪ್ರಧಾನ ಯಾಜಕನ ಮನೆಯಂಗಳದಲ್ಲಿ ಬೆಂಕಿಯ ಬಳಿ ಕುಳಿತಾಗ, ಆತನನ್ನು ತಾನರಿಯೆನೆಂದು ಹೇಳಿಸಲು ಒಬ್ಬ ದಾಸಿಯ ಮಾತೇ ಸಾಕಾಯಿತು.

2008ರ ಸೆಪ್ಟೆಂಬರ್ 14 ಭಾನುವಾರವಾಗಿತ್ತು. ಪವಿತ್ರ ಶಿಲುಬೆಯ ಹಬ್ಬವೂ ಹೌದು. ಅಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೂ ನ್ಯೂ ಲೈಫ್ ಪಂಥದ ಪ್ರಾರ್ಥನಾಲಯಗಳ ಮೇಲೂ ದಾಳಿ ನಡೆಯಿತು. ನಮ್ಮ ಜನ ನೊಂದು ಬೀದಿಗಿಳಿದರು. ಅದು ನ್ಯಾಯವೇ. ಆದರೆ ಅದೇ ದಿನಗಳಲ್ಲಿ ನಮ್ಮಲ್ಲಿ ಕೆಲವರು, "ನಾವು ಅವರಲ್ಲ, ನಾವು ಬೇರೆ" ಎಂದು ನೆರೆಹೊರೆಗೆ ತಿಳಿಸಲು ತೋರಿದ ಆತುರವನ್ನು ಇಂದು ನೆನೆದರೆ ತಲೆ ತಗ್ಗುತ್ತದೆ. ಬೋಧನೆಯಲ್ಲಿ ಭೇದವಿದೆ ನಿಜ. ಪೆಟ್ಟು ತಿಂದವನ ಮುಂದೆ ಅದನ್ನು ಎಣಿಸುವ ಹೊತ್ತು ಅದಾಗಿರಲಿಲ್ಲ.

ಮೊದಲ ವಿಶ್ವಾಸಿಗಳನ್ನು 'ಮಾರ್ಗದವರು' ಎಂದು ಕರೆಯುತ್ತಿದ್ದರು. ಕ್ರೈಸ್ತರೆಂಬ ಹೆಸರು ಅವರಿಗೆ ಬಂದದ್ದು ಅಂತಿಯೋಕ್ಯದಲ್ಲಿ. 2021ರಲ್ಲಿ ಪೋಪ್ ಫ್ರಾನ್ಸಿಸರು ಆರಂಭಿಸಿದ ಸಿನೊದ್‌ನ ಹೆಸರಿನಲ್ಲಿಯೂ ಗ್ರೀಕ್ ಭಾಷೆಯ 'ದಾರಿ' ಎಂಬ ಪದವೇ ಇದೆ. ಒಟ್ಟಿಗೆ ನಡೆಯುವುದೆಂದು ಅದರ ಅರ್ಥ. 2024ರ ಅಕ್ಟೋಬರಿನಲ್ಲಿ ಅದರ ಅಂತಿಮ ದಸ್ತಾವೇಜು ಹೊರಬಿತ್ತು. ಅದನ್ನು ಧರ್ಮಪ್ರಾಂತ್ಯಗಳಲ್ಲಿ ಆಚರಣೆಗೆ ತಂದ ಬಗೆಯನ್ನು 2028ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಪರಿಶೀಲಿಸುವುದೆಂದೂ ಗೊತ್ತುಮಾಡಲಾಯಿತು.

ರೋಮ್ ದೂರದ ಮಾತು. ಶಿರ್ತಾಡಿ, ಅಲಂಗಾರು, ನಾರಾವಿ ಕಡೆಯ ನಮ್ಮ ಕುಟುಂಬಗಳಿಗೆ ಒಟ್ಟಿಗೆ ನಡೆಯುವುದೆಂದರೇನು? ಭಾನುವಾರದ ಬಲಿಪೂಜೆಗೆ ನಾವು ತಪ್ಪುವುದಿಲ್ಲ. ಮೊಂತಿ ಹಬ್ಬದ ಹೊಸ ತೆನೆಯನ್ನು ಗಲ್ಫಿನಲ್ಲಿರುವ ಮಕ್ಕಳಿಗೂ ಕಳುಹಿಸುತ್ತೇವೆ (ಅಂಚೆಯ ಲಕೋಟೆಯಲ್ಲಿ ಒಂದೆರಡು ಭತ್ತದ ಕಾಳು ಹೋದ ಕಾಲವೂ ಇತ್ತು). ಆದರೆ ವಾರ್ಡಿನ ಸಭೆಯಲ್ಲಿ ಬೀಡಿ ಕಟ್ಟುವ ತಾಯಿ ಬಾಯಿ ತೆರೆಯುವಳೇ? ತೆರೆದರೆ, ದೊಡ್ಡ ದೇಣಿಗೆ ಕೊಟ್ಟವರ ಮಾತಿಗೆ ಸಿಗುವ ಮೌನ ಅವಳ ಮಾತಿಗೂ ಸಿಗುವುದೇ? ಕೂಲಿಗೆ ಬಂದ ಪರಊರಿನ ಕ್ರೈಸ್ತನೊಬ್ಬ, ಕೊಂಕಣಿ ಅರಿಯದವನು, ಹಿಂದಿನ ಬೆಂಚಿನಲ್ಲಿ ಕುಳಿತು ಹೋಗುತ್ತಾನೆ. ಅವನ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಪೇತ್ರನ ಕಥೆ ಆ ಅಂಗಳದಲ್ಲಿ ಮುಗಿಯಲಿಲ್ಲ. ತಿಬೇರಿಯ ಸರೋವರದ ದಡದಲ್ಲಿ, ಮತ್ತೊಂದು ಬೆಂಕಿಯ ಬಳಿ, ಹಿಂಬಾಲಿಸೆಂಬ ಕರೆ ಅವನಿಗೆ ಮತ್ತೆ ಬಂತು. ಅದಕ್ಕೆ ಮೊದಲು ಕುರಿಗಳನ್ನು ಮೇಯಿಸುವ ಹೊಣೆಯನ್ನು ಮೂರು ಸಲ ಒಪ್ಪಿಸಲಾಗಿತ್ತು.