ಗುರುತಿಲ್ಲದ ಮಾರುತ

ಮಾದರಿ ವಿಮಾನ ಕಟ್ಟುವುದನ್ನು ಮಕ್ಕಳಾಟವೆಂದು ನಗುವವರೊಡನೆ ನಮಗೆ ಜಗಳವಿಲ್ಲ. ನಮ್ಮ ಜಗಳ ಹವ್ಯಾಸಿಗಳೊಡನೆಯೇ. ಭಾರತೀಯ ಜೆಟ್‌ಗಳಿಗೆ ಒಳ್ಳೆಯ ಡಿಕಾಲ್ ಸಿಗುವುದಿಲ್ಲವೆಂದು ಹೊರದೇಶದ ತಯಾರಕರನ್ನು ಶಪಿಸುತ್ತ, ಕೈಗೆ ಸಿಕ್ಕ ಅಂಕಿಗಳನ್ನು ಅಂಟಿಸಿ ತೃಪ್ತರಾಗುವವರು ಇವರು.

ಡಿಕಾಲ್ ಎಂದರೆ ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರಿ ಬರುವ ತೆಳುಪೊರೆಯ ಅಚ್ಚು. ಕಿಟ್‌ನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದು ಕೆಲವೇ ವಿಮಾನಗಳ ಗುರುತು. ಬೇರೊಂದು ಸ್ಕ್ವಾಡ್ರನ್ನಿನ ವಿಮಾನ ಬೇಕೆಂದರೆ ಬಿಡಿಯಾಗಿ ಮಾರುವ ಹಾಳೆಯನ್ನು ಕೊಳ್ಳಬೇಕು. ಪ್ಲಾಸ್ಟಿಕ್ಕು ವಿಮಾನದ ಕುಲವನ್ನಷ್ಟೇ ಹೇಳುತ್ತದೆ. ಹೆಸರನ್ನು ಹೇಳುವುದು ಮೈಮೇಲಿನ ಸಂಖ್ಯೆ. ಇಲ್ಲಿ ಅಜಾಗ್ರತೆ ಸಲ್ಲದು. ನಮ್ಮ ವಾಯುಪಡೆಯ ವೃತ್ತಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಸರದಿ ಹಾಗೆಯೇ ಇದ್ದು ಕೇಸರಿ ಕೆಂಪಾಯಿತೆಂದರೆ ಅದು ಇಟಲಿಯ ಚಿಹ್ನೆ.

ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿದ ಎರಡು ವಿಮಾನಗಳನ್ನು ನೋಡೋಣ. ಒಂದು, ಜರ್ಮನಿಯ ಫೋಕೆ-ವುಲ್ಫ್ 190. ಇನ್ನೊಂದು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24 ಮಾರುತ್. ಮೊದಲನೆಯದಕ್ಕೆ ಡಿಕಾಲ್ ಹಾಳೆಗಳ ರಾಶಿಯೇ ಇದೆ. ಯಾವ ಪೈಲಟ್, ಯಾವ ತಿಂಗಳು, ಯಾವ ನೆಲೆ ಎಂಬ ವಿವರವೂ ಜೊತೆಗಿರುತ್ತದೆ. ಸೋತ ನಾಜಿ ಪಡೆಯ ವಿಮಾನಕ್ಕೆ ಇಷ್ಟು ನೆನಪು. 1971ರ ಯುದ್ಧದಲ್ಲಿ 10 ಮತ್ತು 220ನೇ ಸ್ಕ್ವಾಡ್ರನ್ನುಗಳೊಡನೆ ಹೋರಾಡಿ ಗೆದ್ದ ಪಕ್ಷದಲ್ಲಿದ್ದ ಮಾರುತ್‌ಗೆ ಸಿಗುವುದು ಅದರ ಒಂದು ಚೂರು. ಇದು ಪಕ್ಷಪಾತವೆ? ಅಲ್ಲ. ಅಲ್ಲಿ ಹವ್ಯಾಸಿಗಳು ದಶಕಗಳ ಕಾಲ ಛಾಯಾಚಿತ್ರಗಳನ್ನೂ ದಾಖಲೆಗಳನ್ನೂ ಹೆಕ್ಕಿದರು. ತಯಾರಕರು ಅದನ್ನು ಅಚ್ಚು ಹಾಕಿದರು. ಚಿತ್ರವೇ ಇಲ್ಲದ ವಿಮಾನಕ್ಕೆ ಡಿಕಾಲ್ ಬರೆಯುವವನು ಏನನ್ನು ನೋಡಿ ಬರೆಯಬೇಕು?

ವಾಯುನೆಲೆಗಳಲ್ಲಿ ಛಾಯಾಗ್ರಹಣ ನಿಷಿದ್ಧ, ನಾವೇನು ಮಾಡೋಣ ಎಂಬ ಉತ್ತರ ಸಿದ್ಧವಾಗಿದೆ. ಸರ್ಕಾರಿ ನೌಕರರಾದ ನಮಗೆ ಗೋಪ್ಯತೆಯ ಬೆಲೆ ಗೊತ್ತು. ಗೋಪ್ಯತೆಯ ಹೆಸರಿನ ಸೋಮಾರಿತನವೂ ಗೊತ್ತು. ಸೇವೆಯಿಂದ ನಿವೃತ್ತವಾಗಿ ದಶಕಗಳು ಕಳೆದ ವಿಮಾನದಲ್ಲಿ, ಶಾಲಾಮಕ್ಕಳು ಸುತ್ತ ಓಡಾಡುವ ವಿಮಾನದಲ್ಲಿ, ಯಾವ ರಹಸ್ಯ ಉಳಿದೀತು? ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ, ಮುಂಬಯಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ, ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿ ಮಾರುತ್‌ಗಳಿವೆ. ಎದುರು ನಿಂತು ಸೆಲ್ಫಿ ತೆಗೆದುಕೊಳ್ಳುವವರಲ್ಲಿ ಸಂಖ್ಯೆಯನ್ನು ಬರೆದುಕೊಳ್ಳುವವರು ಎಷ್ಟು ಮಂದಿ? ಬಿಸಿಲು ಮಳೆಗೆ ಬಣ್ಣ ಮಾಸುತ್ತದೆ. ಮತ್ತೆ ಬಳಿಯುವಾಗ ಹಳೆಯ ಗುರುತು ಅಡಿಗೆ ಸೇರುತ್ತದೆ.

ಹೀಗಿರುವಾಗ ಮನಸ್ಸಿಗೆ ಬಂದ ಸಂಖ್ಯೆಯನ್ನು ಅಂಟಿಸುವುದು ಸಣ್ಣ ತಪ್ಪಲ್ಲ, ಖೊಟ್ಟಿ ದಾಖಲೆಯ ಸೃಷ್ಟಿ. ಅದರ ಚಿತ್ರ ಕೈಯಿಂದ ಕೈಗೆ ಹೋಗಿ ನಾಳೆ ಆಧಾರವೆನಿಸಿಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡೋಣ. ಖಾಲಿ ಜಾಗ ಸುಳ್ಳು ಹೇಳುವುದಿಲ್ಲ. ನಾವಿರುವ ಊರಿನಲ್ಲಿ ಒಂದು ಮಾರುತ್ ನಿಂತಿದ್ದರೆ ಅದರ ಎರಡೂ ಪಕ್ಕಗಳ ಚಿತ್ರ ತೆಗೆದು, ದಿನಾಂಕ ನಮೂದಿಸಿ ಇಡೋಣ. ಹಾರಿಸಿದವರು, ದುರಸ್ತಿ ಮಾಡಿದವರು ಇನ್ನೂ ಕೆಲವರಿದ್ದಾರೆ. ಅವರ ಆಲ್ಬಮ್ಮುಗಳನ್ನು ಕೇಳಿ ನೋಡೋಣ.

ಒಂದು ಗೇಣುದ್ದದ ಮಾದರಿಯ ಮೇಲೆ ಕೂದಲೆಳೆಗಿಂತ ತೆಳುವಾದ ಪೊರೆ. ಅದನ್ನು ಸರಿಯಾಗಿ ಅಂಟಿಸಲು ಬೇಕಾದದ್ದು ಬೆಚ್ಚಗಿನ ನೀರು, ಕುಂಚ ಮತ್ತು ತಾಳ್ಮೆ. ಅಂಟಿಸುವ ಮೊದಲು ಬೇಕಾದದ್ದು ಸತ್ಯ.