ಗಂಟಲು ಕಟ್ಟಿದಾಗ

ನಮ್ಮ ಭಾಷೆಯಲ್ಲಿ ಗಂಟಲೆಂಬ ಮಾತಿನ ಮೇಲೆ ಹೊರಿಸಿರುವ ಭಾರ ಸಾಮಾನ್ಯವಾದುದಲ್ಲ. ಅನ್ನ ಇಳಿಯುವುದೂ ಗಂಟಲಿನಲ್ಲಿ, ದುಃಖ ಉಮ್ಮಳಿಸಿ ಬರುವುದೂ ಗಂಟಲಿಗೆ, ಮಾತು ಹೊರಡುವುದೂ ಗಂಟಲಿನಿಂದ. ಶೀತವಾಗಿ ನುಂಗಲು ನೋವಾದರೂ, ಕೂಗಿ ಕೂಗಿ ದನಿ ಉಡುಗಿದರೂ ನಾವು ಹೇಳುವುದು ಒಂದೇ: 'ಗಂಟಲು ಕಟ್ಟಿದೆ.' ಕೊರಳು, ಕಂಠ ಎಂಬ ಬೇರೆ ಮಾತುಗಳಿವೆಯಾದರೂ ಅವನ್ನು ಗಾಯಕರಿಗೂ ಆಭರಣಗಳಿಗೂ ಬಿಟ್ಟುಕೊಟ್ಟಿದ್ದೇವೆ. ಕಾವ್ಯಕ್ಕೆ ಇದರಿಂದ ಬಾಧಕವಿಲ್ಲ, ತೊಡಕು ವೈದ್ಯರಿಗೆ. 'ಗಂಟಲು ಸರಿಯಿಲ್ಲ' ಎಂದು ಬಂದವರನ್ನು ಎದುರಿಗೆ ಕುಳ್ಳಿರಿಸಿಕೊಂಡು, ತೊಂದರೆ ನುಂಗುವುದರಲ್ಲೋ ನುಡಿಯುವುದರಲ್ಲೋ ಎಂಬುದನ್ನು ಅವರು ಮೊದಲು ಬಿಡಿಸಿಕೊಳ್ಳಬೇಕು.

ಇದು ನನಗೆ ತಿಳಿದದ್ದು ಅತ್ತಿಗೆಯವರೊಡನೆ ಮೈಸೂರಿನ ಕಿವಿ-ಮೂಗು-ಗಂಟಲಿನ ಚಿಕಿತ್ಸಾಲಯವೊಂದಕ್ಕೆ ಹೋಗಿದ್ದಾಗ. ಅತ್ತಿಗೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಅವರ ತರಗತಿಯ ಕಿಟಕಿಯಾಚೆ ಬಸ್ಸುಗಳ ರಸ್ತೆ. ಅರ್ಧ ಗೋಡೆಯಾಚೆ ಇನ್ನೊಂದು ತರಗತಿ. ಸೋಮವಾರ ಇಂಪಾಗಿರುತ್ತಿದ್ದ ದನಿ ಗುರುವಾರದ ಹೊತ್ತಿಗೆ ಗೊಗ್ಗರಾಗುತ್ತಿತ್ತು. ಶನಿವಾರ ಸಂಜೆ ಮನೆಯಲ್ಲಿ ಕೈಸನ್ನೆಯೇ ಗತಿ. ನಾಲ್ಕು ತಿಂಗಳು ಹೀಗೆ ನಡೆದಿತ್ತು. ಮೆಣಸಿನ ಕಷಾಯ, ಜ್ಯೇಷ್ಠಮಧು, ಕಲ್ಲುಸಕ್ಕರೆ ಎಲ್ಲವೂ ಆಗಿದ್ದವು. ಅಲ್ಲಿ ಸರದಿಗಾಗಿ ಕಾದಿದ್ದವರಲ್ಲಿ ಹೆಚ್ಚಿನವರು ದನಿಯನ್ನೇ ನಂಬಿ ಬದುಕುವವರು: ತರಕಾರಿ ಮಾರುವಾಕೆ, ಬಸ್ಸಿನ ಕಂಡಕ್ಟರು, ಒಬ್ಬ ಪುರೋಹಿತರು, ಸಂಗೀತ ಕಲಿಯುವ ಹುಡುಗಿ. ಮೂಲೆಯ ಬೆಂಚಿನ ಮೇಲೆ ಮಗನೊಡನೆ ಕುಳಿತ, ಅರವತ್ತು ದಾಟಿದ ರೈತರೊಬ್ಬರು.

ಡಾಕ್ಟರು ಕಷಾಯಗಳ ಪಟ್ಟಿಯನ್ನು ತಾಳ್ಮೆಯಿಂದ ಕೇಳಿ, "ಅದು ಅಲ್ಲಿಗೆ ಹೋಗುವುದೇ ಇಲ್ಲವಲ್ಲಮ್ಮ!" ಎಂದರು.

ಸಂಗತಿ ಇಷ್ಟು. ನಾಲಗೆಯ ಬುಡದಾಚೆ ದಾರಿ ಎರಡಾಗುತ್ತದೆ. ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ. ಶ್ವಾಸನಾಳದ ತಲೆಬಾಗಿಲಲ್ಲಿ ಧ್ವನಿಪೆಟ್ಟಿಗೆ ಇದೆ. ನಾವು ನುಂಗುವಾಗ ಆ ಪೆಟ್ಟಿಗೆ ಮೇಲಕ್ಕೆದ್ದು, ಎಲೆಯಾಕಾರದ ಮುಚ್ಚಳವೊಂದು ಅದರ ಮೇಲೆ ಬಾಗುತ್ತದೆ. ಒಂದು ತೊಟ್ಟು ನೀರು ತಪ್ಪಿ ಒಳಬಿದ್ದರೂ ಕೆಮ್ಮು ಒತ್ತರಿಸಿ ಬರುತ್ತದೆ. 'ನೆತ್ತಿಗೆ ಹತ್ತಿತು' ಎಂದು ನಾವು ತಲೆ ತಟ್ಟುವುದು ಇದಕ್ಕೇ. ಆದುದರಿಂದ ಕಷಾಯ ಹಿತವೆನಿಸಬಹುದೇ ವಿನಾ ಧ್ವನಿತಂತುಗಳನ್ನು ಮುಟ್ಟಲಾರದು. ಬಿಸಿನೀರಿನ ಹಬೆ ಮುಟ್ಟುತ್ತದೆ. ದಿನವಿಡೀ ಗುಟುಕು ಗುಟುಕಾಗಿ ಕುಡಿದ ನೀರು ಮೈಗೆಲ್ಲ ಸೇರಿ ಅವುಗಳಿಗೂ ತೇವ ಕೊಡುತ್ತದೆ.

ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಶಬ್ದವು ನಾಭಿಮೂಲದಲ್ಲಿ, ಗಾಳಿಯ ನೆರವಿನಿಂದ, ಕಹಳೆಯ ರೀತಿಯಲ್ಲಿ ಹುಟ್ಟುವುದೆಂದಿದ್ದಾನೆ. ವರ್ಷವರ್ಷವೂ ಇದನ್ನು ಪಾಠ ಹೇಳುವ ನನಗೆ ಆ ಉಪಮಾನದ ಮೇಲೆ ಗೌರವವೇ. ಗಾಳಿಯ ಬಲವಿಲ್ಲದೆ ದನಿಯಿಲ್ಲವೆಂಬುದು ಇಂದಿಗೂ ನಿಜ. ಆದರೆ ಗಾಳಿ ದನಿಯಾಗುವ ಸ್ಥಳವನ್ನು ಕಣ್ಣಾರೆ ಕಂಡವರಲ್ಲಿ ಪ್ರಸಿದ್ಧನಾದವನು ಮ್ಯಾನುಯೆಲ್ ಗಾರ್ಸಿಯ. 1854ರಲ್ಲಿ ಈತ ದಂತವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲೊಳಗೆ ಹಿಡಿದು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀರಿ, ತನ್ನ ಧ್ವನಿತಂತುಗಳ ಆಟವನ್ನು ತಾನೇ ನೋಡಿದ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ವರದಿಮಾಡಿದ. ಈತ ವೈದ್ಯನಲ್ಲ, ಸಂಗೀತದ ಮೇಷ್ಟ್ರು! ಬಹುಕಾಲ ವೈದ್ಯರು ಬಳಸಿದ್ದು ಅಂಥದೇ ಕನ್ನಡಿಯನ್ನು. ಉಸಿರಿನ ಹಬೆ ಕವಿಯದಂತೆ ಅದನ್ನು ತುಸು ಬಿಸಿಮಾಡಿಕೊಳ್ಳುತ್ತಾರೆ. ಈಗ ಮೂಗಿನ ಮೂಲಕ ಇಳಿಸುವ ತೆಳುವಾದ ಕ್ಯಾಮರಾ ನಳಿಕೆಯೂ ಇದೆ. ಕೆಲವೇ ನಿಮಿಷಗಳ ಕೆಲಸ.

ಅತ್ತಿಗೆಯ ಧ್ವನಿತಂತುಗಳು ತೆರೆಯ ಮೇಲೆ ಮೂಡಿದುವು. ಎರಡು ಬಿಳಿಯ ಮಡಿಕೆಗಳು. ಎರಡರ ಅಂಚಿನಲ್ಲೂ ಎದುರುಬದುರಾಗಿ ಒಂದೊಂದು ಸಣ್ಣ ಗಂಟು. ಹೆಂಗಸರು ಮಾತನಾಡುವಾಗ ಈ ಮಡಿಕೆಗಳು ಸೆಕೆಂಡಿಗೆ ಸುಮಾರು 200 ಸಲ ಒಂದನ್ನೊಂದು ತಾಗುತ್ತವೆ. ಎಡೆಬಿಡದೆ ಒಂದು ಗಂಟೆ ನುಡಿದರೆ 7 ಲಕ್ಷಕ್ಕೂ ಹೆಚ್ಚು ತಾಡನ! ಕೂಗಿದಾಗಂತೂ ಹೊಡೆತ ಇನ್ನೂ ಬಲವಾದುದು. ನೇಗಿಲು ಹಿಡಿದ ಕೈ ಜಡ್ಡುಗಟ್ಟುವಂತೆ ಇಲ್ಲಿಯೂ ಆಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಗಂಟನ್ನು ತೆಗೆದರೂ ಕೂಗಾಟ ಮುಂದುವರಿದರೆ ಮತ್ತೆ ಬರಬಹುದು. ಬೇಕಾದದ್ದು ದನಿಯನ್ನು ಬಳಸುವ ಕ್ರಮವನ್ನೇ ಹೊಸದಾಗಿ ಕಲಿಯುವುದು. ಅದನ್ನು ಕಲಿಸುವ ತಜ್ಞರನ್ನು ತಯಾರುಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿಯೇ ಇದೆ. ಪದೇ ಪದೇ ಕ್ಯಾಕರಿಸಬಾರದು, ಪಿಸುಮಾತೂ ವಿಶ್ರಾಂತಿಯಲ್ಲ, ಸಾಧ್ಯವಾದರೆ ಸೊಂಟಕ್ಕೆ ಕಟ್ಟುವ ಸಣ್ಣ ಮೈಕನ್ನು ಬಳಸಿರಿ ಎಂದು ಡಾಕ್ಟರು ಹೇಳಿದರು. ಅರ್ಧ ಗೋಡೆಯನ್ನು ಪೂರ್ತಿ ಎತ್ತಿಸುವಂತೆ ಚೀಟಿ ಬರೆಯಲು ಅವರಿಗೆ ಅಧಿಕಾರವಿಲ್ಲ.

ಆ ರೈತರ ವಿಷಯ ಬೇರೆ. ಅವರ ದನಿ ಯುಗಾದಿಯಿಂದ ಒಡೆದಿತ್ತು. ಈಗ ದಸರಾ ಕಳೆದಿತ್ತು. ನೋವಿಲ್ಲ, ಜ್ವರವಿಲ್ಲ, ಆದುದರಿಂದಲೇ ಯಾರೂ ಗಮನಿಸಿರಲಿಲ್ಲ. ಹದಿನೈದರ ಪ್ರಾಯದಿಂದ ಬೀಡಿ. ಒಂದು ಧ್ವನಿತಂತುವಿನ ಮೇಲೆ ಒರಟಾದ ಬಿಳಿ ಮಚ್ಚೆ ಕಂಡಿದೆಯೆಂದೂ ಅದರ ಚೂರನ್ನು ತೆಗೆದು ಪರೀಕ್ಷಿಸಬೇಕೆಂದೂ ಡಾಕ್ಟರು ಹೇಳಿದಾಗ, "ರಾಗಿ ಕುಯ್ಲು ಮುಗಿಸಿ ಬರ್ತೀವಿ ಸಾರ್" ಎಂದ ಮಗ. "ರಾಗೀನ ಯಾರಾದರೂ ಕುಯ್ತಾರಪ್ಪ, ಮಂಗಳವಾರ ಕರಕೊಂಡು ಬಾ" ಎಂದರು ಅವರು.

ಈ ಅವಸರಕ್ಕೆ ಕಾರಣವುಂಟು. ಧ್ವನಿತಂತುವಿನಲ್ಲೇ ಹುಟ್ಟುವ ಕ್ಯಾನ್ಸರು ಒಂದು ವಿಧದಲ್ಲಿ ಪ್ರಾಮಾಣಿಕವಾದುದು. ಅಂಚು ಕೊಂಚ ಒರಟಾದರೂ ದನಿ ಕೆಡುವುದರಿಂದ ಅದು ಬೇಗನೆ ತನ್ನನ್ನು ಸಾರಿಕೊಳ್ಳುತ್ತದೆ. ಆಗಲೇ ಹಿಡಿದರೆ ವಿಕಿರಣದಿಂದಲೋ ಸಣ್ಣ ಶಸ್ತ್ರಚಿಕಿತ್ಸೆಯಿಂದಲೋ ಬಹುಮಂದಿ ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ತಡವಾದರೆ ಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಆಮೇಲೆ ಉಸಿರಾಟವೆಲ್ಲ ಕತ್ತಿನ ರಂಧ್ರದಿಂದ. ಅಂಥವರು ಮತ್ತೆ ಮಾತನಾಡಲೆಂದು ಬೆಂಗಳೂರಿನ ಡಾ. ವಿಶಾಲ್ ರಾವ್ 2010ರ ದಶಕದಲ್ಲಿ ಸುಮಾರು 50 ರೂಪಾಯಿ ಬೆಲೆಯ ಕೃತಕ ಧ್ವನಿಸಾಧನವೊಂದನ್ನು ರೂಪಿಸಿದರು. ಪರದೇಶದಿಂದ ಬರುವಂಥವು ಸಾವಿರಗಟ್ಟಲೆ ಬೆಲೆಯವು. ಇನ್ನು ಕೆಲವರಲ್ಲಿ ಗಂಟಲು ನಿರ್ದೋಷಿ. ಎಡಗಡೆಯ ಧ್ವನಿತಂತುವನ್ನು ಆಡಿಸುವ ನರ ಎದೆಗಿಳಿದು, ಮಹಾಪಧಮನಿಯನ್ನು ಬಳಸಿ, ಮತ್ತೆ ಮೇಲಕ್ಕೆ ಬರುತ್ತದೆ. ಶ್ವಾಸಕೋಶದಲ್ಲಿ ಗಡ್ಡೆ ಬೆಳೆದರೆ ಅದರ ಮೊದಲ ಸುದ್ದಿ ದನಿಯಲ್ಲಿ ಬರಬಹುದು. ಮೂರು ವಾರ ಮೀರಿದ ಗೊಗ್ಗರು ದನಿಯನ್ನು ನೋಡಿಸಲೇಬೇಕು. ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ, ಕತ್ತಿನಲ್ಲಿ ಗಡ್ಡೆ ಕೈಗೆ ಸಿಕ್ಕಿದರೆ ಅಷ್ಟು ದಿನವೂ ಕಾಯಬಾರದು.

ಮಂಗಳವಾರ ಅವರು ಬಂದರು. ಮಚ್ಚೆ ಕ್ಯಾನ್ಸರೇ ಆಗಿತ್ತು, ಆದರೆ ಆರಂಭದ್ದು. ಮುಂದೆ ಅತ್ತಿಗೆ ತಮ್ಮ ಪರೀಕ್ಷೆಗೆ ಹೋದಾಗ ತಂದೆ-ಮಗ ಅಲ್ಲಿದ್ದರಂತೆ. ವಿಕಿರಣ ಮುಗಿದಿತ್ತು, ದನಿ ತಿಳಿಯಾಗುತ್ತ ಬಂದಿತ್ತು, ಮುದುಕರು ಬೀಡಿ ಬಿಟ್ಟಿದ್ದರು. ಆ ಕಟ್ಟು ಮಾತ್ರ ಈಗ ಮಗನ ಜೇಬಿನಲ್ಲಿತ್ತಂತೆ.